ದೊರೆಯ ಪಥ್ಯ, ನನ್ನ ಆಷಾಢ

ನಾಯಿಮರಿ ಸಾಕುವುದು ಕಷ್ಟ ಎಂದು ಯಾರಾದರೂ ಹೇಳಿದರೆ ಆ ಕಾಲದಲ್ಲಿ ನಾನು ಅವರನ್ನು ಕನಿಕರದಿಂದ ನೋಡುತ್ತಿದ್ದೆ. ಹಸಿದಾಗ ಹಾಕಬೇಕು, ಬೊಗಳಿದಾಗ ಗದರಬೇಕು, ಬಾಲ ಅಲ್ಲಾಡಿಸಿದಾಗ ಮೆಚ್ಚಬೇಕು. ಇದಕ್ಕೆಂಥ ವಿದ್ಯೆ? ನಾನೋ ಇಂಟರ್‌ಮೀಡಿಯೇಟ್ ಪಾಸಾದವನು! ಮೊದಲ ಸಲಕ್ಕೇ ಅಲ್ಲ. ಆದರೂ ಪಾಸು ಪಾಸೇ.

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ತುಮಕೂರಿನ ಚಿಕ್ಕಪೇಟೆಯಲ್ಲಿ ಬಾಡಿಗೆ ಮನೆ. ಅದರಲ್ಲಿ ನಾನು, ನಮ್ಮಮ್ಮ, ನನ್ನ ಹೆಂಡತಿ ಜಯ, ಮತ್ತು ಜಯ ತನ್ನ ತವರಾದ ಕೊತ್ತಗೆರೆಯಿಂದ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಒಂದು ನಾಯಿಮರಿ. ಹೆಸರು ದೊರೆ. ಬಣ್ಣ ಹುರಿದ ಕಾಫಿಬೀಜದ್ದು, ನಡಿಗೆ ಅಮಲ್ದಾರರದ್ದು. ಮೈ ಎಷ್ಟು ಮಿಂಚುತ್ತಿತ್ತೆಂದರೆ ಅದರ ಬೆನ್ನು ನೋಡಿಕೊಂಡು ನಾನು ಕ್ರಾಪು ಬಾಚಿಕೊಳ್ಳಬಹುದಿತ್ತು.

ಆಷಾಢ ಬಂತು. ಹೊಸ ಮದುವಣಗಿತ್ತಿ ತವರಿಗೆ ಹೋಗಬೇಕಾದ ತಿಂಗಳು. ಕರೆದುಕೊಂಡು ಹೋಗಲು ಮಾವನವರು ಬಂದು ಜಗಲಿಯ ಮೇಲೆ ಕೂತರು. ಜಯ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ದೊರೆಯನ್ನು ಹಿಡಿದು ಹೊರಬಂದಳು.

ತಕ್ಷಣ ನನ್ನ ತಲೆ ಓಡಿತು. ನಾಯಿಯೂ ಹೋದರೆ ಇವಳು ತವರಲ್ಲಿ ನಿಶ್ಚಿಂತೆಯಾಗಿ ಕೂತುಬಿಡುತ್ತಾಳೆ. ನಾಯಿ ಇಲ್ಲೇ ಇದ್ದರೆ ಶ್ರಾವಣದ ಮೊದಲ ಬಸ್ಸಿಗೇ ಓಡಿ ಬರುತ್ತಾಳೆ. ನನಗಾಗಿ ಬಾರದಿದ್ದರೂ ನಾಯಿಗಾಗಿ ಬರುತ್ತಾಳೆ! ಎಂಥ ರಾಜತಂತ್ರ!

"ದೊರೆ ಇಲ್ಲೇ ಇರ್ಲಿ ಬಿಡು. ನಾನ್ ನೋಡ್ಕೋತೀನಿ" ಎಂದೆ.

"ನಿಮ್ ಕೈಲಾಗುತ್ತೇನ್ರೀ?"

"ಏನ್ ಹಂಗಂದ್ರೆ? ಆನೆಮರಿ ಕೊಟ್ರೂ ಸಾಕ್ತೀನಿ!"

ಮಾವನವರು ಎಲೆಯಡಿಕೆ ಅಗಿಯುತ್ತಾ ನನ್ನನ್ನು ಒಂದು ಸಲ, ದೊರೆಯನ್ನು ಒಂದು ಸಲ ನೋಡಿದರು. ಯಾರ ಮೇಲೆ ಕನಿಕರ ಬಂತೋ ತಿಳಿಯಲಿಲ್ಲ.

"ನಾವ್ ತಿನ್ನೋದ್ರಲ್ಲೇ ಒಂದ್ ತುತ್ತು ಹಾಕಿ, ಬೇರೇನೂ ಬೇಡ" ಎಂದು ಜಯ ಮರಿಯನ್ನು ನನ್ನ ಕೈಗಿಟ್ಟಳು. "ಶ್ರಾವಣಕ್ಕೆ ನಾನ್ ಬರೋ ಹೊತ್ಗೆ ಇದರ ಮೈ ಹಿಂಗೇ ಮಿಂಚ್ತಿರ್ಬೇಕು. ಒಂದ್ ಕೂದ್ಲು ಉದ್ರಿರ್ಲಿ, ಬಂದ ಬಸ್ಸಲ್ಲೇ ವಾಪಸ್ ಹೋಗ್ತೀನಿ!"

ನಾನು ನಕ್ಕೆ. ಆ ನಗುವೇ ನನ್ನ ಕೊನೆಯ ನಗು.

ದೊರೆಯೆಂದು ಹೆಸರಿಟ್ಟುಕೊಂಡ ಪ್ರಾಣಿಗೆ ಮುದ್ದೆ ಸಾರು ಹಾಕುವುದು ನನ್ನ ಗೌರವಕ್ಕೆ ಸರಿಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಗಟ್ಟಿ ಎಮ್ಮೆ ಹಾಲು. ಆಮೇಲೆ ಹಾಲಿಗೆ ಬನ್ನು. ಸಂಜೆ ಹಾಲಿಗೆ ರಸ್ಕು. ನಡುವೆ ನನ್ನ ಊಟದ ಕೊನೆಯ ತುತ್ತು ಅದಕ್ಕೆ. ನಮ್ಮ ಮನೆಯಲ್ಲಿ ನಾಯಿಗೆ ತಟ್ಟೆಯಲ್ಲಿ ಉಳಿಸಿಯೇ ಏಳುವ ಪದ್ಧತಿ. ಇಷ್ಟು ಸಾಲದೆಂದು ಪಕ್ಕದ ಮನೆಯ ದರ್ಜಿ ರಹೀಂ ಸಾಬರು ತಮ್ಮ ಅಡುಗೆಮನೆಯಿಂದ ಮೂಳೆ ತಂದು ಹಿತ್ತಲ ಗೋಡೆಯ ಮೇಲಿಂದ ಇಳಿಸುತ್ತಿದ್ದರು. ಮಾಂಸ ಮುಟ್ಟದ ನಮ್ಮಮ್ಮ ಅದನ್ನು ನೋಡದ ಹಾಗೆ ಗೋಡೆಯ ಕಡೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು.

ಕೆಲವು ದಿನ ಕಳೆಯುವಷ್ಟರಲ್ಲಿ ದೊರೆ ಹಿಂಗಾಲನ್ನು ಎತ್ತಿ ಕಿವಿಯ ಹತ್ತಿರ ತಂದು ಟಪಟಪನೆ ಬಡಿಯತೊಡಗಿತು. ನನಗೆ ಹೆಮ್ಮೆಯೋ ಹೆಮ್ಮೆ!

"ಸಾಬರೇ, ಬನ್ನಿ ಇಲ್ಲಿ! ನಾನ್ ಹೇಳ್ಕೊಟ್ಟಿದ್ದು. ಸಲಾಂ ಹೊಡೆಯುತ್ತೆ ನೋಡಿ!"

ರಹೀಂ ಸಾಬರು ಕತ್ತರಿ ಹಿಡಿದೇ ಬಂದು ಬಗ್ಗಿ ನೋಡಿದರು. "ತಮ್ಮಾ, ಸಲಾಂ ಅಲ್ಲ ಇದು. ಕೆರ್ಕೊಂತಾ ಐತೆ."

ಮರುದಿನ ಸಲಾಂ ಎರಡೂ ಕಾಲಿನಲ್ಲಿ ಶುರುವಾಯಿತು. ಅದರ ಮರುದಿನ ಹೊಟ್ಟೆಯೆಲ್ಲ ಕೆಂಪು. ಪಾದವನ್ನು ನೆಕ್ಕಿದ್ದೇ ನೆಕ್ಕಿದ್ದು. ಆಮೇಲೆ ಕಿವಿಯ ಕೂದಲು ಉದುರತೊಡಗಿತು. ಒಂದಲ್ಲ, ಕಂತೆ ಕಂತೆ! ಅದನ್ನು ಗುಡಿಸುವಾಗೆಲ್ಲ ನನ್ನ ಕಣ್ಣ ಮುಂದೆ ಒಂದು ಬಸ್ಸು ಬರುತ್ತಿತ್ತು. ಅದರಿಂದ ಜಯ ಇಳಿಯುತ್ತಿದ್ದಳು. ಮತ್ತೆ ಅದೇ ಬಸ್ಸು ಹತ್ತುತ್ತಿದ್ದಳು.

"ದೃಷ್ಟಿ ಆಗೈತೆ ಕಣೋ" ಎಂದರು ಅಮ್ಮ. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿ ಹೋಯಿತೋ ಇಲ್ಲವೋ, ಘಾಟಿಗೆ ಇಡೀ ಬೀದಿ ಕೆಮ್ಮಿತು. ದೊರೆ ಮಾತ್ರ ಕೆಮ್ಮುತ್ತಲೇ ಕೆರೆದುಕೊಂಡಿತು.

"ಹಂಗಾದ್ರೆ ಇದು ನಂಜು" ಎಂದರು ಅಮ್ಮ. "ನಮ್ ತವ್ರು ಗುಬ್ಬೀಲಿ ಮೈ ಕೆರೆತ ಬಂದ್ರೆ ಬದನೇಕಾಯಿ, ಕುಂಬ್ಳಕಾಯಿ ಮುಟ್ಟುಸ್ತಾ ಇರ್ಲಿಲ್ಲ. ಪಥ್ಯ ಮಾಡ್ಬೇಕು."

"ಸರಿ, ಅದಕ್ಕೆ ಪಥ್ಯ ಮಾಡ್ಸು."

"ಅದಕ್ಕೆಲ್ಲೋ? ಅದು ತಿನ್ನೋದು ನಿನ್ ತಟ್ಟೇದು. ಪಥ್ಯ ನಿಂಗೆ!"

ಹೀಗೆ ನಾಯಿಗೆ ಕಜ್ಜಿಯಾಗಿ, ನನಗೆ ಪಥ್ಯವಾಯಿತು. ಬದನೆಕಾಯಿ ಹೋಯಿತು, ಹುರುಳಿ ಹೋಯಿತು, ಉಪ್ಪಿನಕಾಯಿ, ಮೊಸರು, ಒಗ್ಗರಣೆ ಎಲ್ಲ ಹೋದವು. ಉಳಿದದ್ದು ಬಿಸಿ ಅನ್ನ, ಸುಟ್ಟ ಬೆಳ್ಳುಳ್ಳಿ, ಮೆಣಸಿನ ಸಾರು. ಆ ವಾಸನೆ ಗೋಡೆ ದಾಟಿ ರಹೀಂ ಸಾಬರ ಮೂಗಿಗೆ ಹೋಗಿ ಅವರು ಗಾಬರಿಯಿಂದ ಓಡಿಬಂದರು.

"ಏನಮ್ಮಾ, ಯಾರ್ದು ಬಾಣಂತನ? ಸೊಸೆ ನೋಡಿದ್ರೆ ಊರಲ್ಲವ್ಳೆ!"

ಅಮ್ಮ ನನ್ನ ಕಡೆ ಕೈ ತೋರಿಸಿದರು. "ಇಗೋ, ಇವನ್ದೇ!"

ಅಷ್ಟಕ್ಕೆ ನಿಂತಿತೇ? ರಹೀಂ ಸಾಬರ ಮೂಳೆಯ ಮೇಲೂ ಅನುಮಾನ ಬಂತು. ಅದನ್ನು ಬಾಯಿಬಿಟ್ಟು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಸಾಬರೇ, ತಪ್ಪು ತಿಳ್ಕೋಬೇಡಿ. ಆ ಮೂಳೆ ಸ್ವಲ್ಪ..."

"ನನ್ ಮೂಳೆ ಮ್ಯಾಲೆ ಡೌಟಾ?" ಸಾಬರು ಎದೆ ಮುಟ್ಟಿಕೊಂಡರು. "ಆಯ್ತು ಬುಡು. ನಿಲ್ಲಿಸ್ತೀನಿ. ಮೂಳೆ ನಿಂತ್ ಮ್ಯಾಲೂ ಕೆರ್ಕೊಂಡ್ರೆ ನೀನ್ ನನ್ ಮೂಳೆಗೆ ಮಾಫಿ ಕೇಳ್ಬೇಕು!"

ಮೂಳೆ ನಿಂತಿತು. ಕೆರೆತ ನಿಲ್ಲಲಿಲ್ಲ. ನಾನು ಹಿತ್ತಲ ಗೋಡೆಯ ಮುಂದೆ ಕೈಮುಗಿದು ನಿಂತು, ಜಗತ್ತಿನಲ್ಲಿ ಮೂಳೆಗೆ ಕ್ಷಮೆ ಕೇಳಿದ ಮೊದಲ ಮನುಷ್ಯನಾದೆ.

ಕೊನೆಗೆ ದೊರೆಯನ್ನು ಎತ್ತಿಕೊಂಡು ದನದ ಆಸ್ಪತ್ರೆಗೆ ಹೋದೆ. ಎರಡು ಎತ್ತು, ಒಂದು ಎಮ್ಮೆಯ ಹಿಂದೆ ಸಾಲಿನಲ್ಲಿ ನಿಂತೆವು. ಡಾಕ್ಟರು ದೊರೆಯ ಕಿವಿ ಮಡಚಿ ನೋಡಿ, ಹೊಟ್ಟೆ ಒತ್ತಿ, "ಏನೇನ್ ತಿನ್ನಿಸ್ತೀರಿ?" ಎಂದರು.

"ಬನ್ನು, ರಸ್ಕು, ಅನ್ನ ಸಾರು. ಮೊದ್ಲು ಮೂಳೆನೂ ಹಾಕ್ತಿದ್ವಿ, ಈಗ ನಿಲ್ಸಿದೀವಿ ಡಾಕ್ಟ್ರೇ. ಒಂದ್ಸಲ ನನ್ನ ಚಪ್ಪಲಿ."

"ಇನ್ನೂ ಎಳೇ ಮರಿ. ಯಾವುದೋ ಒಂದು ಒಗ್ತಾ ಇಲ್ಲ. ಕೆಲವ್ರಿಗೆ ಬದನೇಕಾಯಿ ತಿಂದ್ರೆ ನಾಲಿಗೆ ತುರ್ಸಲ್ವಾ, ಹಾಗೇ. ಒಂದೊಂದಾಗಿ ಬಿಡ್ತಾ ಬನ್ನಿ. ಯಾವುದ್ ಬಿಟ್ಟಾಗ ಕೆರೆತ ಕಮ್ಮಿ ಆಗುತ್ತೋ ಅದೇ ಕಳ್ಳ."

ಇದು ವಿಜ್ಞಾನ! ಇಂಟರ್‌ಮೀಡಿಯೇಟ್ ಓದಿದ್ದು ಸಾರ್ಥಕವಾಯಿತೆಂದುಕೊಂಡು ಮನೆಗೆ ಬಂದೆ. ಮೊದಲು ಬನ್ನು ಬಿಡಿಸಿದೆ. ಪಾಪ, ಬಡವಾಗುತ್ತದಲ್ಲ ಎಂದು ಒಂದು ಲೋಟ ಹಾಲು ಹೆಚ್ಚು ಕುಡಿಸಿದೆ. ಕೆರೆತ ಹೆಚ್ಚಿತು. ರಸ್ಕು ಬಿಡಿಸಿ ಇನ್ನೊಂದು ಲೋಟ ಹಾಲು. ಇನ್ನೂ ಹೆಚ್ಚಿತು. ಅನ್ನ ಸಾರೂ ಬಿಡಿಸಿದೆ. ಕೊನೆಗೆ ದೊರೆ ತಿನ್ನುವುದಕ್ಕೇನೂ ಇರಲಿಲ್ಲ. ಮೂರು ಹೊತ್ತೂ ಬರೀ ಹಾಲು! ಪಥ್ಯವೆಂದರೆ ಹೀಗಿರಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಸಂಜೆ ದೊರೆಯ ಹೊಟ್ಟೆ ಕೆಟ್ಟಿತು. ಹೇಗೆ ಕೆಟ್ಟಿತೆಂದು ಬರೆಯುವುದು ಸಭ್ಯತೆಯಲ್ಲ. ನಮ್ಮಮ್ಮನ ಒಗೆದು ಮಡಿಸಿಟ್ಟ ಸೀರೆ, ನನ್ನ ಆಫೀಸಿನ ಪ್ಯಾಂಟು, ಜಯಳ ಹೊಸ ಚಾಪೆ, ಯಾವುದಕ್ಕೂ ಅದು ಭೇದ ಮಾಡಲಿಲ್ಲ ಎಂದಷ್ಟೇ ಹೇಳುತ್ತೇನೆ.

ಎಲ್ಲ ತೊಳೆದು ಬಂದ ಅಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. "ನಿನ್ ಹೆಂಡ್ತೀನೇ ಕೇಳೋ. ಅವ್ಳೇ ತಾನೇ ಸಾಕಿದ್ದು."

ಹೇಗೆ ಕೇಳುವುದು? ಕಾಗದ ಬರೆದರೆ ಅದನ್ನು ಮಾವನವರು ಜಗಲಿಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಓದುತ್ತಾರೆ. ಖುದ್ದಾಗಿ ಹೋಗೋಣವೆಂದರೆ ಆಷಾಢ. ಹೊಸ ಅಳಿಯ ಅತ್ತೆಯ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಆದರೂ ನನಗೊಂದು ಉಪಾಯ ಹೊಳೆಯಿತು. ಹೊಸ್ತಿಲು ತಾನೇ ತುಳಿಯಬಾರದು? ಹಿತ್ತಲಿಗೆ ಹೊಸ್ತಿಲಿಲ್ಲವಲ್ಲ! ಯಾರಿಗೂ ಕಾಣದ ಹಾಗೆ ಜಯಳನ್ನು ಬೇಲಿಯ ಹತ್ತಿರ ಕರೆದು, ಕೇಳಿ, ಬಂದುಬಿಡುವುದು.

ಭಾನುವಾರ ದೊರೆಯನ್ನು ಕೈಚೀಲದಲ್ಲಿ ಕೂರಿಸಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ದಾರಿಯಲ್ಲಿ ಹಸಿದೀತೆಂದು ಜೊತೆಗೊಂದು ಸೀಸೆಯಲ್ಲಿ ಹಾಲು. ಪಕ್ಕದಲ್ಲಿ ಕೂತ ಯಜಮಾನರು ಚೀಲದಿಂದ ಇಣುಕಿದ ಬೋಳು ಕಿವಿಯನ್ನು ನೋಡಿ, "ಏನಪ್ಪಾ ಇದು, ಇಲಿಯಾ?" ಎಂದರು. ಆಮೇಲೆ ದೊರೆ ಅವರ ಪಂಚೆಯ ಮೇಲೆ ಮಾಡಿದ್ದನ್ನು ನೋಡಿ ಅವರೇನೆಂದರೆಂಬುದನ್ನು ಬರೆಯುವುದೂ ಸಭ್ಯತೆಯಲ್ಲ. ಕುಣಿಗಲ್ ಬರುವವರೆಗೆ ನಾನು ನಿಂತೇ ಇದ್ದೆ. ಕುಣಿಗಲ್‌ನಲ್ಲಿ ಇಳಿದು, ಅತ್ತೆಮನೆಯವರ ಮುಂದೆ ಮರಿ ಸ್ವಲ್ಪ ಚುರುಕಾಗಿ ಕಾಣಲೆಂದು ಒಂದಿಷ್ಟು ಹಾಲು ಕುಡಿಸಿ, ಕೊತ್ತಗೆರೆಯ ದಾರಿ ಹಿಡಿದೆ.

ಹಿತ್ತಲ ಬೇಲಿಯ ಹಿಂದೆ ಬಗ್ಗಿ ಕೂತು "ಜಯಾ, ಜಯಾ" ಎಂದು ಪಿಸುಗುಟ್ಟಿದೆ. ಅವಳು ಬಟ್ಟೆ ಒಣಹಾಕುತ್ತಿದ್ದಳು. ತಿರುಗಿ ನೋಡಿ ಕೈಲಿದ್ದ ಲಂಗ ಬೀಳಿಸಿದಳು.

"ಅಯ್ಯೋ! ನೀವ್ಯಾಕ್ರೀ ಬಂದ್ರಿ? ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ!"

ನಾನು ಚೀಲ ಬಿಚ್ಚಿದೆ. ದೊರೆ ಹೊರಬಂತು. ನಿಂತಲ್ಲೇ ಸಲಾಂ ಹೊಡೆಯಿತು.

ಜಯ ಅದನ್ನು ಎತ್ತಿಕೊಂಡು ಕಿವಿ ಸವರಿದಳು. ಕಣ್ಣಲ್ಲಿ ನೀರು ತುಂಬಿತು.

"ಏನ್ ಹಾಕಿದ್ರಿ ಇದಕ್ಕೆ?"

"ಏನೂ ಇಲ್ಲ ಕಣೇ, ನಿನ್ನಾಣೆ! ಎಲ್ಲಾ ಬಿಡ್ಸಿದೀನಿ. ಡಾಕ್ಟರ್ ಹೇಳ್ದಂಗೇ ಮಾಡ್ದೆ."

"ಆ ಸೀಸೇಲೇನು?"

"ಅದಾ? ಹಾಲು."

"ಹಾಲಾ!" ಅವಳ ದನಿಗೆ ಬೇಲಿಯ ಮೇಲಿದ್ದ ಕಾಗೆ ಹಾರಿಹೋಯಿತು. "ಇದಕ್ಕೆ ಹಾಲು ಯಾರ್ರೀ ಹಾಕ್ತಾರೆ? ಇದರವ್ವಂಗೂ ಆಗ್ತಿರ್ಲಿಲ್ಲ. ಒಂದ್ಸಲ ಕರೆದಿಟ್ಟ ಹಾಲಿಗೆ ಬಾಯಿ ಹಾಕಿ ಹಿಂಗೇ ಮೈಯೆಲ್ಲ ಪರಚ್ಕೊಂಡಿತ್ತು. ನಾವ್ ತಿನ್ನೋದೇ ಹಾಕಿ ಅಂತ ಹೇಳ್ಲಿಲ್ವಾ? ಎಷ್ಟ್ ಕುಡ್ಸಿದ್ರಿ?"

ಎಷ್ಟು ಎಂದು ಹೇಗೆ ಹೇಳಲಿ! ಡಾಕ್ಟರು ಏನು ತಿನ್ನಿಸುತ್ತೀರಿ ಎಂದು ಕೇಳಿದ್ದರೇ ಹೊರತು ಏನು ಕುಡಿಸುತ್ತೀರಿ ಎಂದು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಹಾಲಿನ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ? ದೇವರಿಗೇ ಅಭಿಷೇಕ ಮಾಡುವ ವಸ್ತು! ಬದನೆಕಾಯಿಯನ್ನು ಹಿಡಿದೆ, ಬನ್ನನ್ನು ಹಿಡಿದೆ, ರಹೀಂ ಸಾಬರ ಮೂಳೆಯನ್ನೂ ಹಿಡಿದೆ. ಕಳ್ಳನಿಗೆ ಮಾತ್ರ ಮೂರು ಹೊತ್ತೂ ಬಡ್ತಿ ಕೊಡುತ್ತಾ ಹೋದೆ!

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ಮಾವನವರು! ಅವರ ಹಿಂದೆ ಹೊಲದಿಂದ ಬರುತ್ತಿದ್ದ ಊರಿನ ಒಂದಷ್ಟು ಜನ.

"ಏನ್ ಅಳಿಯಂದ್ರೇ, ಬೇಲಿ ಹಿಂದೆ?"

"ನಾಯಿಗೆ... ಕಜ್ಜಿ ಮಾವ" ಎಂದೆ.

ಗುಂಪಿನಲ್ಲಿದ್ದ ಒಬ್ಬಳು ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ನನ್ನಪ್ಪಾ! ಹೆಂಡ್ರ ಮೊಕ ನೋಡೋಕೆ ಅಂತ ಪಾಪದ್ ನಾಯಿಮರಿಗೆ ಕಜ್ಜಿ ಬರ್ಸ್ಕೊಂಡ್ ಬಂದವ್ನಲ್ಲ!"

"ಒಂದ್ ತಿಂಗ್ಳು ತಡ್ಕೊಳಕ್ಕಾಗ್ಲಿಲ್ವೇನಣ್ಣ?" ಎಂದ ಇನ್ನೊಬ್ಬ.

ಜಯ ದೊರೆಯನ್ನು ಮುಖಕ್ಕೆ ಅಡ್ಡ ಹಿಡಿದು ಒಳಗೆ ಓಡಿದಳು. ನಾನು ವಿಜ್ಞಾನದ ವಿಚಾರ ಹೇಳಲು ಹೋದೆ. ಬನ್ನು ಎಂದೆ, ರಸ್ಕು ಎಂದೆ, ಒಂದೊಂದಾಗಿ ಬಿಡಿಸುವ ಕ್ರಮ ಎಂದೆ. ಹೇಳಿದಷ್ಟೂ ನಗು ಹೆಚ್ಚಿತು. ಅತ್ತೆ ಒಳಗಿನಿಂದಲೇ, ಮುಖ ತೋರಿಸದೆ, ಒಂದು ತಟ್ಟೆ ಮುದ್ದೆ ಸಾರು ಬೇಲಿಯವರೆಗೆ ಕಳಿಸಿಕೊಟ್ಟರು. ಬೇಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಉಂಡೆ. ಎಷ್ಟೋ ದಿನದ ಮೇಲೆ ಒಗ್ಗರಣೆ ಹಾಕಿದ ಸಾರು! ಅವಮಾನವಾದರೂ ರುಚಿಯಾಗಿತ್ತು. ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ಮಾವನವರು ಎದುರಿಗೆ ನಿಂತು ನ್ಯಾಯ ಹೇಳಿದರು. "ನೋಡಿ ಅಳಿಯಂದ್ರೇ, ಮರಿ ಇಲ್ಲೇ ಇರ್ಲಿ. ಮುದ್ದೆ ತಿಂದ್ಕೊಂಡ್ ಸರಿ ಹೋಗ್ತದೆ. ಅದು ಸರಿ ಹೋದ್ಮ್ಯಾಕೆ ಮಗಳನ್ನೂ ಮರೀನೂ ಒಟ್ಗೇ ಕಳುಸ್ತೀನಿ."

"ಶ್ರಾವಣಕ್ಕೆ ತಾನೇ ಮಾವ?"

ಅವರು ಬಾಗಿಲ ಕಡೆ ನೋಡಿದರು. ಒಳಗಿನಿಂದ ಜಯಳ ದನಿ ಬಂತು. "ಕಿವೀಲಿ ಕೂದ್ಲು ಬಂದ್ಮೇಲೆ!"

ಹಾಲು ನಿಂತು ವಾರ ಕಳೆಯುವುದರೊಳಗೆ ದೊರೆಯ ಕೆರೆತ ನಿಂತಿತಂತೆ. ಹೊಟ್ಟೆಯ ಕೆಂಪೂ ಹೋಯಿತಂತೆ. ಆದರೆ ಕಿವಿಯ ಕೂದಲಿಗೆ ಅವಸರವಿರಲಿಲ್ಲ. ಶ್ರಾವಣ ಬಂತು. ನಮ್ಮ ಬೀದಿಯ ಹೊಸ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಗಂಡನ ಮನೆಗೆ ವಾಪಸಾದರು. ನಾನು ದಿನಾ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ, ಕುಣಿಗಲ್ ಕಡೆಯಿಂದ ಬಂದವರನ್ನೆಲ್ಲ ಹಿಡಿದು, "ಕೊತ್ತಗೆರೆ ಕಡೆಯವ್ರಾ? ಅಲ್ಲೊಂದು ನಾಯಿಮರಿ ಕಿವಿ ನೋಡಿದ್ರಾ?" ಎಂದು ವಿಚಾರಿಸುತ್ತಿದ್ದೆ. ಜನ ನನ್ನಿಂದ ಸ್ವಲ್ಪ ದೂರ ಸರಿದು ನಡೆಯುತ್ತಿದ್ದರು.

ಪಂಚಾಂಗದಲ್ಲಿ ಆಷಾಢಕ್ಕೆ ಒಂದೇ ತಿಂಗಳು ಬರೆದಿರುತ್ತಾರೆ. ಆ ವರ್ಷ ತುಮಕೂರಿನಲ್ಲಿ ಒಬ್ಬನಿಗೆ ಮಾತ್ರ ಅದು ಗೌರಿ ಹಬ್ಬದವರೆಗೂ ನಡೆಯಿತು.