ಮಗಳ ಹಾಸ್ಟೆಲ್ಲು, ನನ್ನ ಹೊಟ್ಟೆಕಿಚ್ಚು

ಓರಗಿತ್ತಿಯ ಹೊಸ ಬಳೆ ಕಂಡು ಹೊಟ್ಟೆ ಉರಿದರೆ ಜನ ಅದನ್ನು ಸಹಜವೆನ್ನುತ್ತಾರೆ. ಜೊತೆಯ ಟೀಚರಿಗೆ ಮನೆ ಹತ್ತಿರದ ಶಾಲೆಗೇ ವರ್ಗವಾಯಿತೆಂದು ನಾನು ಎರಡು ದಿನ ಸಪ್ಪೆ ಮುಖ ಹಾಕಿಕೊಂಡು ತಿರುಗಿದಾಗಲೂ ಸ್ಟಾಫ್ ರೂಮಿನಲ್ಲಿ ಎಲ್ಲರೂ ಅನುಕಂಪದಿಂದಲೇ ಮಾತಾಡಿಸಿದರು. ಆದರೆ ಹೆತ್ತ ಮಗಳ ಮೇಲೇ ಹೊಟ್ಟೆಕಿಚ್ಚು ಬಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ನೀವು ಕಳಸದ ಕಡೆಯವರಾಗಿದ್ದರೆ ದಯವಿಟ್ಟು ಓದುವುದನ್ನು ಇಲ್ಲಿಗೇ ನಿಲ್ಲಿಸಿ. ನಾನು ಅಲ್ಲಿಯೇ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ತಾಯಿಯ ಮಮತೆಯ ಬಗ್ಗೆ ಮಕ್ಕಳಿಂದ ವರ್ಷಕ್ಕೊಂದು ಪ್ರಬಂಧ ಬರೆಸುವವಳು ಬೇರೆ.

ಮಗಳು ಸಿಂಚನಾಗೆ ಮೈಸೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು, ಜೊತೆಗೆ ಹಾಸ್ಟೆಲ್ಲೂ ಸಿಕ್ಕಿತು. ಹಾಸ್ಟೆಲ್ಲಿನವರು ಕಳಿಸಿದ ಹಾಳೆಯಲ್ಲಿ ಒಬ್ಬರಿಗೆ ಒಂದು ಮಂಚ, ಒಂದು ಸಣ್ಣ ಕಪಾಟು, ಮಂಚದಡಿ ಹಿಡಿಸುವಂಥ ಒಂದೇ ಸೂಟ್‌ಕೇಸು ಎಂದಿತ್ತು. ಹಾಗಾಗಿ ಏನು ಒಯ್ಯಬೇಕು ಎನ್ನುವುದಕ್ಕಿಂತ ಏನು ಬಿಡಬೇಕು ಎನ್ನುವುದೇ ದೊಡ್ಡ ಕೆಲಸವಾಯಿತು. ಅವಳು ಹಾಲ್‌ನಲ್ಲಿ ಚಾಪೆ ಹಾಸಿ ಎರಡು ಗುಡ್ಡೆ ಮಾಡಿದಳು. ಒಂದು ಹೋಗುವುದು, ಇನ್ನೊಂದು ಉಳಿಯುವುದು. ಹೋಗುವ ಗುಡ್ಡೆ ಮಗುವಿನ ತಲೆದಿಂಬಿನಷ್ಟಿತ್ತು. ಉಳಿಯುವುದು ಬಾಬಾಬುಡನ್‌ಗಿರಿಯ ಹಾಗೆ ಬೆಳೆಯುತ್ತಿತ್ತು. ನಾನು ಎರಡು ತಿಂಗಳು ಕೂತು ಹೆಣೆದ ಉಣ್ಣೆಯ ಶಾಲು ಆ ಗಿರಿಯ ಮೇಲೆ ಹೋಗಿ ಕೂತಿತು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯೂ ಹೋಯಿತು. ಕೊನೆಗೆ ನಾವು ಮೂವರು ನಗುತ್ತ ನಿಂತಿದ್ದ ಫೋಟೋವನ್ನೂ ಅವಳು ಕಣ್ಣು ಮಿಟುಕಿಸದೆ ಅತ್ತ ಇಟ್ಟಳು.

"ಅದೂ ಬೇಡ್ವೇನೆ?"

"ಫೋನಲ್ಲಿ ಉಂಟಲ್ಲಮ್ಮ. ಗಾಜು ಒಡೆದ್ರೆ ಕಷ್ಟ."

ನನ್ನ ಕಣ್ಣು ತುಂಬಿತು. ಬಾಗಿಲಲ್ಲಿದ್ದ ನಮ್ಮವರು, ಮಗಳು ದೂರ ಹೋಗುತ್ತಾಳೆಂಬ ದುಃಖ ಎಂದುಕೊಂಡು ನೀರು ತಂದುಕೊಟ್ಟರು. ನಾನೂ ಹಾಗೇ ಅಂದುಕೊಂಡು ಕುಡಿದೆ. ನೀರು ಇಳಿದ ಮೇಲೆ ನೋಡಿದರೆ ಒಳಗಿದ್ದದ್ದು ದುಃಖವೇ ಅಲ್ಲ, ಉರಿ. ಇಷ್ಟು ಸಾಮಾನನ್ನು ಇಷ್ಟು ಸಲೀಸಾಗಿ ಬಿಟ್ಟು ಹೋಗುತ್ತಿದ್ದಾಳಲ್ಲ ಇವಳು! ಬಿಡಬೇಕಾದರೆ ಮೊದಲು ಹೋಗಬೇಕು. ನನ್ನನ್ನು ಯಾರೂ ಎಲ್ಲಿಗೂ ಕಳಿಸಿರಲಿಲ್ಲ.

ನನ್ನ ತವರು ಮೂಡಿಗೆರೆ. ಚಿಕ್ಕಮಗಳೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಾಗ ಹಾಸ್ಟೆಲ್ಲಿನ ಅರ್ಜಿಯನ್ನು ದುಂಡಗಿನ ಅಕ್ಷರದಲ್ಲಿ ತುಂಬಿ ಅಪ್ಪನ ಮುಂದಿಟ್ಟಿದ್ದೆ. ಅಪ್ಪ ಅದನ್ನು ನಾಲ್ಕಾಗಿ ಮಡಚಿ, "ಮನೆ ಮುಂದೆಯೇ ಬಸ್ ನಿಲ್ಲತ್ತೆ, ಹಾಸ್ಟೆಲ್ ಎಂತಕ್ಕೆ?" ಎಂದರು. ಆ ಬಸ್ಸು ಒಂದು ದಿನವಾದರೂ ಕೆಟ್ಟು ನಿಲ್ಲಲಿ ಎಂದು ಹರಕೆ ಹೊತ್ತೆ. ನಿಲ್ಲಲಿಲ್ಲ. ಹಾಸ್ಟೆಲ್ಲಿನಲ್ಲಿದ್ದ ಗೆಳತಿ ರೆಹಾನಾ ಮಾತ್ರ ದಿನಾ ಬೆಳಿಗ್ಗೆ ರೂಮಿನ ಕಥೆ ಹೇಳಿ ನಗುತ್ತಿದ್ದಳು. ಉಪ್ಪಿಟ್ಟು ಗೋಡೆಗೆ ಹೊಡೆದರೆ ಅಂಟಿಕೊಳ್ಳುತ್ತದಂತೆ. ಆ ಉಪ್ಪಿಟ್ಟಿಗಾಗಿ ನಾನು ಎಷ್ಟು ಆಸೆಪಟ್ಟೆ ಎಂದು ದೇವರಿಗೇ ಗೊತ್ತು.

ಈಗ ನಾನು ಮಾಡಿದ ಸಣ್ಣತನ ಹೇಳುತ್ತೇನೆ. ಹೋಗುವ ಗುಡ್ಡೆಯಲ್ಲಿ ಹೊಸ ನೀಲಿ ಜರ್ಕಿನ್ ಒಂದಿತ್ತು. "ಮೈಸೂರಲ್ಲಿ ಇದೆಲ್ಲ ಹಾಕುವಷ್ಟು ಚಳಿ ಇಲ್ಲ" ಎಂದು ತಾಯಿಯ ಗತ್ತಿನಲ್ಲಿ ತೆಗೆದು ನನ್ನ ಕೋಣೆಗೆ ಒಯ್ದೆ. ಬಾಗಿಲು ಮುಂದೆ ಮಾಡಿ, ಸೀರೆಯ ಮೇಲೇ ತೊಟ್ಟುಕೊಂಡೆ. ಜಿಪ್ಪು ಅರ್ಧದವರೆಗೆ ಬಂದು ಇನ್ನು ಸಾಧ್ಯವಿಲ್ಲವೆಂದಿತು. ಮಗಳ ಬೆನ್ನುಚೀಲವನ್ನೂ ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ಓರೆಯಾಗಿ ನಿಂತಿದ್ದಾಗ ಅವಳು ಒಳಗೆ ಬಂದೇಬಿಟ್ಟಳು.

"ಎಲ್ಲಿಗಮ್ಮ ಹೊರಟಿದ್ದು?"

ಸುಳ್ಳು ಹೊಳೆಯಲಿಲ್ಲ. "ಹಾಸ್ಟೆಲ್ಲಿಗೆ" ಎಂದುಬಿಟ್ಟೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. ಮಂಚದ ಮೇಲೆ ಕೂತು ಅರ್ಜಿಯ ಕಥೆ, ಬಸ್ಸಿನ ಕಥೆ, ಉಪ್ಪಿಟ್ಟಿನ ಕಥೆ ಎಲ್ಲ ಹೇಳಿದೆ. ಅವಳು ಜಿಪ್ಪು ಬಿಡಿಸಿಕೊಡುತ್ತ ಮೆಲ್ಲಗೆ ಕೇಳಿದಳು. "ಅವತ್ತು ಕಳಿಸಿದ್ರೆ ನೀ ಎಂತ ಎಲ್ಲ ಬಿಟ್ಟು ಹೋಗ್ತಿದ್ದೆ?"

"ಎಲ್ಲಾನೂ" ಎಂದೆ. ಯೋಚಿಸಲೂ ಇಲ್ಲ.

"ಅಜ್ಜಿ ನಿಂಗೆ ಹೆಣೆದುಕೊಟ್ಟಿದ್ದನ್ನೂ?"

ನಾನೇ ಎದ್ದು ಜರ್ಕಿನ್ ಮಡಚಿ ಹೋಗುವ ಗುಡ್ಡೆಗೆ ಹಾಕಿದೆ. ಶಾಲಿನ ಮಾತು ಮತ್ತೆ ಎತ್ತಲಿಲ್ಲ.

ಇಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಮೈಸೂರಿನ ಆ ರೂಮಿನಲ್ಲಿ ಮೂರು ಮಂಚ. ಕಾಲಿಟ್ಟವಳೇ ಕಿಟಕಿಯ ಪಕ್ಕದ್ದರ ಮೇಲೆ ಕೂತುಬಿಟ್ಟೆ. ಹಾಸಿಗೆ ಅದುಮಿ ನೋಡಿದೆ, ಕಪಾಟು ತೆರೆದು ಮುಚ್ಚಿದೆ. ಅಷ್ಟರಲ್ಲಿ ದಾವಣಗೆರೆಯ ಕಡೆಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದು, "ನಮ್ ಹುಡುಗಿಗೆ ಗಾಳಿ ಬೇಕ್ರೀ" ಎಂದರು. "ನಮಗೂ ಬೇಕು" ಎಂದೆ. ಇಬ್ಬರು ಹುಡುಗಿಯರೂ ಬಾಗಿಲಲ್ಲಿ ನಿಂತು ಮುಖ ಮುಖ ನೋಡಿಕೊಂಡರು. ಸಿಂಚನಾ ನನ್ನ ಕಿವಿಯ ಹತ್ತಿರ ಬಂದು, "ಅಮ್ಮ, ಇಲ್ಲಿ ಮಲಗೋದು ನಾನು. ನಂಗೆ ಆಚೆ ಗೋಡೆ ಪಕ್ಕದ್ದೇ ಸಾಕು, ಏಳು ಮಾರಾಯ್ತಿ" ಎಂದಳು. ಎದ್ದೆ. ಮೂರು ಹೆಜ್ಜೆ ನಡೆದು ತಿರುಗಿ ನೋಡಿದರೆ ಆ ಹುಡುಗಿಯರು ಆಗಲೇ ತಲೆಗೆ ತಲೆ ಕೊಟ್ಟು ಏನೋ ಪಿಸುಗುಟ್ಟಿ ನಗುತ್ತಿದ್ದರು. ನಮ್ಮಿಬ್ಬರು ತಾಯಂದಿರ ಬಗ್ಗೆಯೇ ಇರಬೇಕು. ಹೊಟ್ಟೆ ಮತ್ತೆ ಧಗ್ಗೆಂದಿತು.

ಮೂರನೆಯ ದಿನ ಅವಳು ಫೋನಿನಲ್ಲಿ ಅತ್ತಳು. "ಊಟ ಸರಿ ಇಲ್ಲ, ಯಾರೂ ಬೇಡ ಅನ್ಸತ್ತೆ" ಎಂದಳು. ಒಳ್ಳೆಯ ಮಾತು ಹೇಳಿ ಸಮಾಧಾನ ಮಾಡಿದೆ. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಾನು ಗುನುಗುತ್ತಿದ್ದೆನೆಂದು ನಮ್ಮವರ ಆರೋಪ. ಮುಂದಿನ ವಾರ ನಾನೇ ಫೋನ್ ಮಾಡಿದಾಗ ಹಿಂದಿನಿಂದ ಗಲಗಲ ನಗು ಕೇಳಿಸಿತು. "ಆಮೇಲೆ ಮಾಡ್ತೆ ಅಮ್ಮ, ಎಲ್ಲ ಸೇರಿ ಗೋಬಿ ತಿನ್ನಲಿಕ್ಕೆ ಹೊರಟಿದ್ದೇವೆ" ಎಂದು ಇಟ್ಟೇಬಿಟ್ಟಳು. ಆವತ್ತು ನನ್ನ ಕೈಯ ಸಾರಿಗೆ ಉಪ್ಪೇ ಬೀಳಲಿಲ್ಲ.

ಹೀಗಿರುವಾಗ ಇಲಾಖೆಯಿಂದ ಆದೇಶ ಬಂತು. ಚಿಕ್ಕಮಗಳೂರಿನಲ್ಲಿ ಶಿಕ್ಷಕರಿಗೆ ಮೂರು ದಿನದ ತರಬೇತಿ, ಉಳಿಯುವುದೂ ಅಲ್ಲೇ. ಉಳಿದವರೆಲ್ಲ ಸೊಂಟನೋವು, ನೆಂಟರ ಮದುವೆ ಎಂದು ತಪ್ಪಿಸಿಕೊಳ್ಳುತ್ತಿದ್ದಾಗ ನಾನು ಮೊದಲ ಹೆಸರು ಕೊಟ್ಟೆ. ಒಂದೇ ಒಂದು ಕೈಚೀಲ ಸಾಕೆಂದು ಹೊರಟೆ. ಮೂರು ಸೀರೆ, ಸೋಪು, ಬಾಚಣಿಗೆ, ಅಷ್ಟೇ. ಉಳಿದದ್ದೆಲ್ಲ ಉಳಿಯಲಿ ಎಂದು ರಾಣಿಯ ಹಾಗೆ ಕಿಟಕಿಯ ಪಕ್ಕದ ಸೀಟು ಹಿಡಿದೆ. ಕಳಸದಿಂದ ಹೊರಟ ಬಸ್ಸು ಇನ್ನೂ ಎರಡು ತಿರುವು ದಾಟಿರಲಿಲ್ಲ, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಫೋನ್ ಮಾಡಿದೆ. ಆಮೇಲೆ ಹಿಟ್ಟು ಫ್ರಿಜ್ಜಿಗಿಡಲು. ಆಮೇಲೆ ನಮ್ಮವರ ಬಿ.ಪಿ. ಮಾತ್ರೆಗೆ. ನಾಲ್ಕನೆಯ ಸಲ ಮಾಡಿದಾಗ ಅವರು ಉಸಿರುಬಿಟ್ಟು ಕೇಳಿದರು.

"ಈಗ ಎಲ್ಲಿದ್ದಿ ಮಾರಾಯ್ತಿ?"

ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ. ನಾನು ಕಿಟಕಿಯಾಚೆ ನೋಡಿ, ಬಹಳ ದೂರ ಬಂದವಳ ದನಿಯಲ್ಲಿ, "ಕೊಟ್ಟಿಗೆಹಾರ" ಎಂದೆ.