ಗೇರ್ ಹೇಳುತ್ತಿದ್ದ ದೊಡ್ಡಪ್ಪ

ದೊಡ್ಡಪ್ಪ ತೀರಿಕೊಂಡ ಮರುದಿನ ಬೆಳಿಗ್ಗೆ ಮನೆಯವರೆಲ್ಲ ನಡುಮನೆಯಲ್ಲಿ ಅಳುತ್ತಿದ್ದರು. ಪುಟ್ಟಿ ಮಾತ್ರ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ಬೇರೊಂದು ವಿಷಯಕ್ಕೆ ಬೆವರುತ್ತಿದ್ದಳು. ಆ ವಿಷಯವನ್ನು ಅವಳು ತನ್ನ ಡೈರಿಗೂ ಹೇಳಿರಲಿಲ್ಲ.

"ಯಾವಾಗ ಯಾವ ಗೇರ್ ಹಾಕಬೇಕು ಅಂತ ನನಗೆ ಗೊತ್ತಿಲ್ಲ" ಎಂದು ಪಿಸುಗುಟ್ಟಿದಳು. ಕನ್ನಡಿಯಲ್ಲಿದ್ದವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಹಾಗೆ ನೋಡಿದರೆ ಎರಡು ವರ್ಷದಿಂದ ಆ ಮನೆಯ ಕಾರು ಓಡಿಸುತ್ತಿದ್ದವಳು ಅವಳೇ. ಪದವಿ ಮುಗಿಸಿ, ಕೆಲಸ ಸಿಗುವವರೆಗೆ ಇರುತ್ತೇನೆಂದು ದೊಡ್ಡಪ್ಪನ ಮನೆಗೆ ಬಂದವಳು. ಬಂದ ಹೊಸತರಲ್ಲೇ ದೊಡ್ಡಪ್ಪನ ಮಂಡಿ ಕೈಕೊಟ್ಟಿತು. ಕ್ಲಚ್ ಒತ್ತಲಾಗದೆ ಅವರು ಪಕ್ಕದ ಸೀಟಿಗೆ ಸರಿದರು. ಅಧಿಕಾರವನ್ನೂ ಜೊತೆಯಲ್ಲೇ ಒಯ್ದರು. ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಜೀವ ಸವೆಸಿದ ಮನುಷ್ಯ. ಸದ್ದು ಕೇಳಿಯೇ ಎಂಜಿನ್ನಿನ ಹೊಟ್ಟೆನೋವು ಹೇಳಬಲ್ಲರು ಎಂದು ಅವರಿಗೆ ಹೆಸರಿತ್ತು. ಕಾರು ಹೊರಟ ಮೇಲೆ ಅವರು "ಎರಡು" ಎಂದರೆ ಅವಳು ಎರಡಕ್ಕೆ ಹಾಕುವಳು, "ಮೂರು" ಎಂದರೆ ಮೂರಕ್ಕೆ. ದನಿ ಬರುವವರೆಗೆ ಅವಳ ಕೈ, ಕರೆಯದ ಮನೆಯ ಬಾಗಿಲಲ್ಲಿ ನಿಂತ ನೆಂಟನ ಹಾಗೆ ಕಾದಿರುತ್ತಿತ್ತು.

ಮೊದಲ ದಿನವೇ ದೊಡ್ಡಪ್ಪ ಪಾಠ ಹೇಳಿದ್ದರು. ಇದು ಟರ್ಬೋ ಡೀಸೆಲ್ ಗಾಡಿ. ಇದನ್ನು ಕಿರುಚಿಸಲೂಬಾರದು, ಗೊರಕೆ ಹೊಡೆಯಲು ಬಿಡಲೂಬಾರದು. "ಟರ್ಬೋ ಅಂದ್ರೆ ಮನೆಗೆ ಬಂದ ಅಳಿಯ ಇದ್ದ ಹಾಗೆ ಕಣೇ ಪುಟ್ಟಿ. ಎಂಜಿನ್ ನಿಧಾನವಾಗಿ ತಿರುಗ್ತಿದ್ರೆ ಎಷ್ಟು ಕರೆದರೂ ಏಳಲ್ಲ. ಎದ್ದ ಮೇಲೆ ಯಾರ ಮಾತೂ ಕೇಳಲ್ಲ. ಸರಿಯಾದ ಗೇರಲ್ಲಿ ಎಬ್ಬಿಸಿದರೆ ಮಾತ್ರ ಮನೆಗೆ ಉಪಯೋಗ."

ನಿಜವಾದ ಅಳಿಯ, ಅಂದರೆ ದೊಡ್ಡಪ್ಪನ ಮಗಳಾದ ಅಕ್ಕನ ಗಂಡ, ಬೆಳಗಿನ ಜಾವವೇ ಬಂದಿಳಿದಿದ್ದ. ಬಂದವನು ಮಾವನ ಮುಖವನ್ನು ಒಂದು ಸಲ ನೋಡಿದ, ಕಾರನ್ನು ಎರಡು ಸಲ. ಕಣ್ಣೊರೆಸಿಕೊಂಡು, ಓಡಿಸುವವರಿಲ್ಲದ ಗಾಡಿ ನಿಂತಲ್ಲೇ ತುಕ್ಕು ಹಿಡಿಯುತ್ತದೆ, ತಾನೇ ತನ್ನೂರಿಗೆ ತೆಗೆದುಕೊಂಡು ಹೋಗುತ್ತೇನೆ ಎಂದ. ಆ ತ್ಯಾಗಕ್ಕೆ ಯಾರೂ ತಲೆದೂಗಲಿಲ್ಲ. ದೊಡ್ಡಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಾರು ಹೋದರೆ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಬೇಕು. ರಕ್ತ ಶುದ್ಧ ಮಾಡಿಸಿಕೊಂಡ ಸುಸ್ತಿನಲ್ಲಿ, ನಿಂತುಕೊಂಡೇ ವಾಪಸು ಬರಬೇಕು.

"ಓಡಿಸೋಕೆ ನಾನಿದ್ದೀನಲ್ಲ ಭಾವ" ಎಂದು ಪುಟ್ಟಿಯ ಬಾಯಿಂದ ಹೇಗೋ ಬಂದುಬಿಟ್ಟಿತು.

"ಮಾವ ಪಕ್ಕದಲ್ಲಿ ಕೂತು ಹೇಳಿಕೊಡ್ತಿದ್ರು, ನೀನು ಓಡಿಸ್ತಿದ್ದೆ. ಇವತ್ತು ಚಿತಾಗಾರಕ್ಕೆ ಒಬ್ಬಳೇ ಓಡಿಸು, ನೋಡೋಣ" ಎಂದ ಭಾವ. ದಾರಿಯಲ್ಲಿ ಎಡವಟ್ಟಾದರೆ ಕೀ ತನಗೆ, ಸರಿಯಾಗಿ ಹೋಗಿ ಬಂದರೆ ಕಾರು ಇಲ್ಲೇ ಎಂದೂ ಸೇರಿಸಿದ. ಪುಟ್ಟಿ ಬಚ್ಚಲುಮನೆ ಸೇರಿದ್ದು ಆಗಲೇ.

ಶವದ ವ್ಯಾನು ಮುಂದೆ, ಅದರ ಹಿಂದೆ ಅವಳ ಕಾರು, ಅವಳ ಹಿಂದೆ ಊರಿಗೂರೇ. ಅಕ್ಕ ವ್ಯಾನಿನಲ್ಲಿ ಅಪ್ಪನ ಪಕ್ಕ ಕೂತಿದ್ದಳು. ಕಾರಿನಲ್ಲಿ ದೊಡ್ಡಪ್ಪನ ಸೀಟಿಗೆ ದೊಡ್ಡಮ್ಮ ಬಂದಿದ್ದರು, ಹಿಂದೆ ಭಾವ ಮತ್ತು ಎದುರುಮನೆಯ ಟೈಲರ್. ಟೈಲರ್ ಜನ್ಮದಲ್ಲಿ ಕಾರು ಮುಟ್ಟಿದವರಲ್ಲ. ಆದರೆ ಹೊಲಿಗೆ ಮೆಷಿನ್ನಿಗೆ ಮೋಟಾರ್ ಕೂರಿಸಿದ ದಿನದಿಂದ ಜಗತ್ತಿನ ಎಲ್ಲ ಎಂಜಿನ್ನುಗಳ ಮೇಲೂ ಅವರಿಗೆ ಹಕ್ಕು ಬಂದಿತ್ತು.

ವ್ಯಾನು ಆಮೆಯಂತೆ ತೆವಳುತ್ತಿತ್ತು. ಪುಟ್ಟಿಯ ಕಾರು ಒಂದರಲ್ಲಿ ಗುರುಗುಟ್ಟಿತು. ಎರಡಕ್ಕೆ ಹಾಕು ಎಂದ ಭಾವ. ಮೂರಕ್ಕೆ ಹಾಕಿದರೆ ಡೀಸೆಲ್ ಉಳಿಯುತ್ತದೆ, ಸತ್ತವರ ಆತ್ಮಕ್ಕೂ ಸಮಾಧಾನ ಎಂದರು ಟೈಲರ್. ಯಾರ ಮನಸ್ಸನ್ನೂ ನೋಯಿಸದ ಹುಡುಗಿ ಮೊದಲು ಎರಡಕ್ಕೆ ಹಾಕಿದಳು, ಆಮೇಲೆ ಮೂರಕ್ಕೆ. ಕಾರು ಚಳಿಜ್ವರ ಬಂದವರ ಹಾಗೆ ನಡುಗಿ, ಒಂದು ಸಲ ಬಿಕ್ಕಳಿಸಿ, ನಿಂತೇಹೋಯಿತು. ಹಿಂದಿನ ಗಾಡಿಗಳು ದುಃಖವನ್ನು ಬದಿಗಿಟ್ಟು ಹಾರ್ನ್ ಹೊಡೆದವು.

ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿ, ಒಂದಕ್ಕೆ ಹಾಕಿ, ಆಕ್ಸಿಲರೇಟರ್ ತುಳಿದಳು. ಏನೂ ಆಗಲಿಲ್ಲವೆಂದು ಇನ್ನಷ್ಟು ತುಳಿದಳು. ಮಲಗಿದ್ದ ಟರ್ಬೋ ಆಗ ಎದ್ದಿತು. ಕಾರು ಚಂಗನೆ ಹಾರಿ ಶವದ ವ್ಯಾನಿನ ಬೆನ್ನಿಗೆ ಗುದ್ದಿತು.

ವ್ಯಾನಿನ ಡ್ರೈವರ್ ಇಳಿದು ಬಂದ. ಬಂಪರ್ ಸವರಿ ನೋಡಿ, ಅವಳ ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದ: "ಅಮ್ಮಾ, ಒಳಗೆ ಮಲಗಿರೋರಿಗೆ ಇನ್ನೇನೂ ಆಗಲ್ಲ. ನನಗೆ ಹೆಂಡತಿ ಮಕ್ಕಳಿದ್ದಾರೆ."

ಭಾವ ಹಿಂದಿನಿಂದಲೇ ಅಂಗೈ ಚಾಚಿದ. ವ್ಯಾನಿಗೆ ಗೀರೂ ಬಿದ್ದಿಲ್ಲ, ಇದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಪುಟ್ಟಿ ಕೇಳೀ ಕೇಳದ ಹಾಗೆ ಗೊಣಗಿದಳು. ಆಗಲಿ, ಏರು ಇನ್ನೂ ಬಾಕಿ ಇದೆ ಎಂದು ಅವನು ಕೈ ಹಿಂದಕ್ಕೆಳೆದುಕೊಂಡ.

ಚಿತಾಗಾರ ಊರಾಚೆಯ ಗುಡ್ಡದ ನೆತ್ತಿಯಲ್ಲಿತ್ತು. ಏರಿನ ನಡುವೆ ಕಾರು ಮೂರರಲ್ಲಿ ಏದುಸಿರು ಬಿಡತೊಡಗಿತು. ತುಳಿದಷ್ಟೂ ಹೊಗೆ ಬಂತೇ ಹೊರತು ಓಟ ಬರಲಿಲ್ಲ. ನಾಲ್ಕು ಎಂದರು ಟೈಲರ್. ಒಂದು ಎಂದ ಭಾವ. ಪುಟ್ಟಿಯ ಕಣ್ಣು ಮಂಜಾಯಿತು. ಕೈ ಗೇರಿನ ಹತ್ತಿರ ಹೋಗಿ, ಚೂರು ಹಿಂದಕ್ಕೆ ಸರಿದು, ಹಾಗೇ ನಿಂತಿತು.

"ಎರಡು" ಎಂಬ ದನಿ ಪಕ್ಕದಿಂದ ಬಂತು.

ದೊಡ್ಡಮ್ಮ. ಬೆಳಿಗ್ಗೆಯಿಂದ ತುಟಿ ಬಿಚ್ಚದವರು, ದೊಡ್ಡಪ್ಪ ಹೇಳುತ್ತಿದ್ದ ಹಾಗೆಯೇ, ಏರಿಳಿತವಿಲ್ಲದೆ ಹೇಳಿದರು. ಕೈ ತಾನಾಗಿ ಎರಡಕ್ಕೆ ಹಾಕಿತು. ಎಂಜಿನ್ ಗಂಟಲು ಸರಿಮಾಡಿಕೊಂಡಿತು, ಟರ್ಬೋ ಎದ್ದಿತು, ಗುಡ್ಡ ಕೆಳಗಿಳಿಯತೊಡಗಿತು. "ಮೂರು" ಎಂದರು ದೊಡ್ಡಮ್ಮ. ತಿರುವಿನಲ್ಲಿ ಮತ್ತೆ "ಎರಡು." ಕಾರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ನೆತ್ತಿ ಸೇರಿತು. ತಾನು ಮೊದಲೇ ಹೇಳಿದ್ದೆನಲ್ಲ ಎಂದರು ಟೈಲರ್. ಭಾವ ಮುಖ ಸಿಂಡರಿಸಿಕೊಂಡು, ಕಾರು ಸದ್ಯಕ್ಕೆ ನಿಮ್ಮಲ್ಲೇ ಇರಲಿ ಎಂದ.

ದೊಡ್ಡಪ್ಪನನ್ನು ಒಳಗೆ ಬಿಟ್ಟು, ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ, ಹಿತ್ತಲಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ ದೊಡ್ಡಮ್ಮನ ಹತ್ತಿರ ಪುಟ್ಟಿ ಹೋದಳು. ದೊಡ್ಡಪ್ಪನ ಹಾಗೆ ನಿಮಗೂ ಎಂಜಿನ್ನಿನ ಸದ್ದು ತಿಳಿಯುತ್ತದೆಂದು ಗೊತ್ತಿರಲಿಲ್ಲ ಎಂದಳು.

ದೊಡ್ಡಮ್ಮ ಅವಳನ್ನೇ ನೋಡಿದರು. "ಅವರಿಗೆಲ್ಲಿ ತಿಳೀತಿತ್ತು? ಪಂಪ್‌ಹೌಸಿನ ಸದ್ದಿಗೆ ಅವರ ಕಿವಿ ಯಾವತ್ತೋ ಹೋಗಿತ್ತಮ್ಮ. ಯಾರಾದರೂ ಮಾತಾಡಿಸಿದರೆ ಗಂಭೀರವಾಗಿ ತಲೆಯಾಡಿಸೋರು. ಊರವರು ಭಾರೀ ವಿಚಾರವಂತ ಅಂದ್ಕೊಂಡ್ರು."

"ಮತ್ತೆ ಗೇರು?"

"ನಿನ್ನ ಕೈ ನೋಡಿ ಹೇಳೋರು. ನಿನ್ನ ಕೈ ಹಿಂದಕ್ಕೆ ಸರಿದರೆ ಎರಡು, ಮುಂದಕ್ಕೆ ಸರಿದರೆ ಮೂರು. ಹುಡುಗಿಗೆ ಎಲ್ಲಾ ಗೊತ್ತು, ಯಾರಾದ್ರೂ ಹೂಂ ಅನ್ನದೆ ಮಾಡಲ್ಲ ಅಷ್ಟೇ, ಅಂತಿದ್ರು. ನಾನೂ ಇವತ್ತು ಅದನ್ನೇ ಮಾಡಿದೆ. ನನಗೇನು ಗೊತ್ತು, ಗೇರು ಅಂದ್ರೆ ಕೆಂಪೋ ಹಸಿರೋ."

ಪುಟ್ಟಿಗೆ ನಗು ಬರಬೇಕಿತ್ತು, ಭಯವಾಯಿತು. ಇಷ್ಟು ದಿನ ಆರಿಸುತ್ತಿದ್ದವಳು ತಾನೇ. ಅಂದರೆ ಇನ್ನು ಮುಂದೆಯೂ ತಾನೇ.

ವಾಪಸು ಹೊರಟಾಗ ಚಿತಾಗಾರದ ಗೇಟಿನಲ್ಲಿ, ರಸ್ತೆ ಸೇರುವ ಮುನ್ನ, ಗೇಣುದ್ದದ ಏರೊಂದಿತ್ತು. ಹಿಂದೆ ಶವದ ವ್ಯಾನು, ಮುಂದಿನ ಮನೆಗೆ ಹೋಗುವ ಅವಸರದಲ್ಲಿ ನಿಂತಿತ್ತು. ಪುಟ್ಟಿ ತನ್ನ ಕೈಯನ್ನು ನೋಡಿದಳು. ಕೈ, ಮೊದಲ ಸಲ ವೇದಿಕೆ ಹತ್ತಿಸಿದ ಮಗುವಿನ ಹಾಗೆ ಮರಗಟ್ಟಿತ್ತು. ದೊಡ್ಡಮ್ಮ ಕೈ ಸರಿಯಲೆಂದು ಕಾದರು. ಕೈ ದೊಡ್ಡಮ್ಮನ ದನಿಗೆ ಕಾಯಿತು. ಇಬ್ಬರ ನಡುವೆ, ಅಂಗಳದ ಇಳಿಜಾರಿನಲ್ಲಿ ಹಾಕಿದ ಮೂರನೇ ಗೇರಿನಲ್ಲೇ ಸಿಕ್ಕಿಕೊಂಡ ಕಾರು ಕೆಮ್ಮಿ, ಆರಿ, ನಿಧಾನವಾಗಿ ಹಿಂದಕ್ಕೆ ಜಾರಿ, ವ್ಯಾನಿನ ಮೂತಿಗೆ ಒರಗಿ ನಿಂತಿತು. ದೀಪದ ಗಾಜು ಪುಡಿಯಾದ ಸದ್ದು ಎಲ್ಲರಿಗೂ ಕೇಳಿಸಿತು.

"ಬರ್ತಾ ಬೆನ್ನು, ಹೋಗ್ತಾ ಮೂತಿ" ಎಂದ ಡ್ರೈವರ್, ಇಳಿಯಲೂ ಮನಸ್ಸಿಲ್ಲದೆ.

ಭಾವ ಈ ಸಲ ಅಂಗೈ ಚಾಚಲಿಲ್ಲ. ಮುಂದಕ್ಕೆ ಬಗ್ಗಿ ತಾನೇ ಕೀ ಕಿತ್ತುಕೊಂಡ. ದೊಡ್ಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಹತ್ತುವಾಗ ಅಷ್ಟು ಚೆನ್ನಾಗಿ ಬಂದೆ, ಈಗೇನಾಯ್ತು?" ಎಂದ ಭಾವ. "ನಿಜ ಹೇಳು ಪುಟ್ಟಿ, ಎರಡು ವರ್ಷ ಈ ಗಾಡಿ ಓಡಿಸ್ತಿದ್ದಿದ್ದು ಯಾರು? ನೀನಾ, ಮಾವನಾ?"

ಪುಟ್ಟಿ ಸ್ಟಿಯರಿಂಗ್ ಬಿಟ್ಟಳು. ಚಿತಾಗಾರದ ಚಿಮಣಿಯಿಂದ ತೆಳುವಾಗಿ ಹೊಗೆ ಏಳುತ್ತಿತ್ತು.

"ದೊಡ್ಡಪ್ಪನಿಗೆ ಕಿವಿ ಇರಲಿಲ್ಲ, ನನಗೆ ಧೈರ್ಯ ಇರಲಿಲ್ಲ" ಎಂದಳು, ಹಿಂದಿನ ಸೀಟಿಗೂ ಕೇಳುವಷ್ಟು ಗಟ್ಟಿಯಾಗಿ. "ಇಬ್ಬರೂ ಸೇರಿ ಒಬ್ಬ ಡ್ರೈವರ್ ಆಗಿದ್ವಿ ಭಾವ. ಅದರಲ್ಲಿ ಅರ್ಧ ಈಗ ಒಳಗೆ ಉರೀತಿದೆ."