ಉಳಿದ ತೊಂಬತ್ತೊಂಬತ್ತು ಬ್ಯಾಗುಗಳು

ಚಕ್ರವಿರುವ ಯಾವ ವಸ್ತುವೂ ನನ್ನ ಕಣ್ಣಿಗೆ ಮಣ್ಣೆರಚಲಾರದು ಎಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಾಲವೊಂದಿತ್ತು. ಆ ಸುವರ್ಣಯುಗ ಕಳೆದ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯಿತು.

ತಿರುಗುವ ಕುರ್ಚಿ ತಯಾರಿಸುವ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ನೂರು ಕುರ್ಚಿ ತಯಾರಾದರೆ ಅದರಲ್ಲೊಂದನ್ನು ಆರಿಸಿ, ತೂಕ ಹೇರಿ, ಎತ್ತಿ ಹಾಕಿ, ಉರುಳಿಸಿ, ಅದು ಕೈಕಾಲು ಚೆಲ್ಲುವವರೆಗೂ ಬಿಡುವುದಿಲ್ಲ. ಎಷ್ಟು ತಡೆಯಿತು ಎಂದು ಬರೆದುಕೊಂಡು ಉಳಿದವುಗಳಿಗೆ ‘ತೇರ್ಗಡೆ’ ಚೀಟಿ ಅಂಟಿಸುತ್ತೇನೆ. ಇಡೀ ಕಾರ್ಖಾನೆಯಲ್ಲಿ ಸಾಮಾನು ಮುರಿದದ್ದಕ್ಕೆ ಸಂಬಳ ಪಡೆಯುವವನು ನಾನೊಬ್ಬನೇ. ಹದಿನೆಂಟು ವರ್ಷಗಳಿಂದ ಪಡೆಯುತ್ತಿದ್ದೇನೆ. ಮನೆಯಲ್ಲಿ ಮಾತ್ರ ಈ ಪ್ರತಿಭೆಗೆ ಅಷ್ಟಾಗಿ ಮನ್ನಣೆಯಿಲ್ಲ.

ಇಂಥವನ ಹೆಂಡತಿಗೆ ವಿಮಾನವೇರುವ ಯೋಗ ಬಂತು. ಅವಳು ಗ್ರಂಥಪಾಲಕಿ. ದೂರದ ಊರಿನಲ್ಲಿ ಗ್ರಂಥಪಾಲಕರ ಸಮ್ಮೇಳನ, ಅದರಲ್ಲಿ ಇವಳದು ಇಪ್ಪತ್ತು ನಿಮಿಷದ ಭಾಷಣ. ಮೊದಲ ವಿಮಾನ, ಮೊದಲ ಭಾಷಣ, ನಾನಿಲ್ಲದ ಮೊದಲ ಪ್ರಯಾಣ. ಮೂರರಲ್ಲಿ ಯಾವುದರ ಸಂತೋಷ ಹೆಚ್ಚು ಎಂದು ಕೇಳುವ ಧೈರ್ಯ ಮಾಡಲಿಲ್ಲ.

“ಭಾಷಣ ಹೇಗೋ ಆಗುತ್ತೆ ರೀ,” ಎಂದಳು. “ನಂಗಿರೋದು ಒಂದೇ ಆಸೆ. ಏರ್‌ಪೋರ್ಟಿನ ಆ ನುಣ್ಣಗಿರೋ ನೆಲದ ಮೇಲೆ ಚಕ್ರದ ಬ್ಯಾಗನ್ನ ಒಂದೇ ಬೆರಳಲ್ಲಿ ತಳ್ಕೊಂಡು, ಹಿಂದೆ ತಿರುಗಿ ನೋಡ್ದೆ ನಡೀಬೇಕು.”

ಹದಿನೇಳು ವರ್ಷ ನಮ್ಮ ಹಳೆಯ ಸೂಟ್‌ಕೇಸನ್ನು ಹೊತ್ತು ಅವಳ ಎಡಭುಜ ಬಲಭುಜಕ್ಕಿಂತ ಕೊಂಚ ಕೆಳಗಿಳಿದಿದೆ. ಹೊತ್ತವಳು ಅವಳು, ಪಕ್ಕದಲ್ಲಿ ಕೈಬೀಸಿಕೊಂಡು ನಡೆದವನು ನಾನು. ಮಾತು ನೇರವಾಗಿ ನಾಟಿತು.

ಶನಿವಾರ ಅಂಗಡಿಗೆ ಹೋದೆವು. ಅವಳು ಕಡುಹಸಿರಿನ ಬ್ಯಾಗೊಂದರ ಮೇಲೆ ಕೈಯಿಟ್ಟು “ಇದು” ಎಂದಳು. ಅಷ್ಟರಲ್ಲಿ ವ್ಯಾಪಾರ ಮುಗಿಯಬೇಕಿತ್ತು. ನಾನು ನೆಲಕ್ಕೆ ಮಂಡಿಯೂರಿ, ಒಂದೊಂದೇ ಚಕ್ರ ತಿರುಗಿಸಿ, ಅದಕ್ಕೆ ಕಿವಿಗೊಟ್ಟೆ.

“ಸಾರ್, ಅದು ಬ್ಯಾಗು,” ಎಂದ ಅಂಗಡಿಯವನು. “ನಾಡಿ ಬಡ್ಕೊಳ್ಳಲ್ಲ. ಐದು ವರ್ಷ ಗ್ಯಾರಂಟಿ ಇದೆ, ಏಳಿ.”

ಗ್ಯಾರಂಟಿ ಕೊಡುವವರನ್ನು ನಂಬುವವನು ಪರೀಕ್ಷಕನೇ ಅಲ್ಲ. ಮರುದಿನ ಬೆಳಿಗ್ಗೆ ಅವಳು ಭಾಷಣದ ಪ್ರತಿ ತೆಗೆಸಲು ಗ್ರಂಥಾಲಯಕ್ಕೆ ಹೋದದ್ದೇ ತಡ, ಕಾರ್ಖಾನೆಯ ನಮೂನೆಯ ಕಾಗದವೊಂದನ್ನು ತೆಗೆದು ಕೆಲಸ ಶುರುಮಾಡಿದೆ. ಜಿಪ್ಪನ್ನು ಇನ್ನೂರು ಸಲ ಎಳೆದೆ. ಹಿಡಿಕೆಯನ್ನು ಮುನ್ನೂರು ಸಲ ಮೇಲೆ ಕೆಳಗೆ ಮಾಡಿದೆ. ಬಚ್ಚಲಿನಲ್ಲಿ ನಿಲ್ಲಿಸಿ ಕಾಲು ಗಂಟೆ ನೀರು ಬಿಟ್ಟೆ. ಆಮೇಲೆ ಅವಳ ದಪ್ಪ ದಪ್ಪ ನಿಘಂಟುಗಳನ್ನು ಒಳಗೆ ತುರುಕಿ, ಮೆಟ್ಟಿಲ ಮೇಲಿಂದ ದಡಬಡ ಇಳಿಸಿದೆ, ಹತ್ತಿಸಿದೆ, ಮತ್ತೆ ಇಳಿಸಿದೆ.

ಕೆಳಮನೆಯ ನಿವೃತ್ತ ಹೆಡ್‌ಮಾಸ್ಟರು ಬಾಗಿಲು ತೆರೆದರು.

“ಯಾರಾದ್ರೂ ಬಿದ್ರಾ?”

“ಇಲ್ಲ ಸಾರ್, ಬ್ಯಾಗು.”

“ಏಳನೇ ಸಲವಾ?”

“ಪರೀಕ್ಷೆ ನಡೀತಿದೆ ಸಾರ್.”

“ನಾನೂ ಮೂವತ್ತು ವರ್ಷ ಪರೀಕ್ಷೆ ಮಾಡಿಸಿದೀನಿ,” ಎಂದರು ಅವರು. “ಮಕ್ಕಳನ್ನ ಮೆಟ್ಟಿಲಿಂದ ಉರುಳಿಸಿರಲಿಲ್ಲ.”

ಹನ್ನೊಂದು ಸಲ ಇಳಿದರೂ ಬ್ಯಾಗು ಜಪ್ಪಯ್ಯ ಎನ್ನಲಿಲ್ಲ. ಭಲೇ ಎಂದು ಅದರ ಬೆನ್ನು ತಟ್ಟಿ ‘ತೇರ್ಗಡೆ’ ಚೀಟಿ ಅಂಟಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತಿಗೂ ಮರ್ಯಾದಸ್ಥ! ಆದರೆ ನಮ್ಮ ನಮೂನೆಯಲ್ಲಿ ಕೊನೆಯದೊಂದು ಕಾಲಂ ಇದೆ: ‘ಮುರಿದದ್ದು ಯಾವಾಗ?’ ಅದು ಖಾಲಿ ಉಳಿದದ್ದನ್ನು ನಾನು ಹದಿನೆಂಟು ವರ್ಷದಲ್ಲಿ ನೋಡಿಲ್ಲ. ಖಾಲಿ ಬಿಡಲು ಮನಸ್ಸು ಬರಲಿಲ್ಲ. ಹನ್ನೆರಡನೆಯ ಸಲ, ಬ್ಯಾಗಿನ ಮೇಲೆ ನಾನೇ ಕುಳಿತು ಮೆಟ್ಟಿಲಿಳಿದೆ.

ನಾಲ್ಕನೆಯ ಮೆಟ್ಟಿಲಲ್ಲಿ ಲಟಕ್ ಎಂದಿತು. ಒಂದು ಚಕ್ರ ಕಳಚಿಕೊಂಡು, ನನಗಿಂತ ಮುಂದಾಗಿ, ಮೆಟ್ಟಿಲು ಮೆಟ್ಟಿಲು ಹಾರುತ್ತ ಕೆಳಗೆ ಹೋಯಿತು. ಹೋಗಿ, ಆಗ ತಾನೇ ಗೇಟು ತೆರೆದು ಬಂದವಳ ಕಾಲ ಬಳಿ ನಿಂತಿತು.

ಅವಳು ಅದನ್ನು ಎತ್ತಿಕೊಂಡಳು. ನನ್ನನ್ನು ನೋಡಿದಳು. ನಾನು ಇನ್ನೂ ಬ್ಯಾಗಿನ ಮೇಲೆಯೇ ಇದ್ದೆ.

“ಒಳ್ಳೇ ಮಾಲು ಕಣೇ,” ಎಂದೆ. “ಹನ್ನೆರಡನೇ ಸಲದವರೆಗೂ ತಡೀತು.”

ಅವಳು ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

“ನಿಮ್ಮ ಕಾರ್ಖಾನೇಲಿ ಒಂದು ಮುರಿದ್ರೆ ಇನ್ನೂ ತೊಂಬತ್ತೊಂಬತ್ತು ಉಳ್ದಿರುತ್ತೆ,” ಎಂದಳು ಮೆಲ್ಲಗೆ. “ನಮ್ಮನೇಲಿ ಆ ತೊಂಬತ್ತೊಂಬತ್ತು ಎಲ್ಲಿಟ್ಟಿದ್ದೀರಾ, ತೋರ್ಸಿ. ಅದ್ರಲ್ಲೊಂದು ತಗೊಂಡು ಹೋಗ್ತೀನಿ.”

ಹದಿನೆಂಟು ವರ್ಷದಲ್ಲಿ ಯಾವ ಮೇಲಧಿಕಾರಿಯೂ ಕೇಳದ ಪ್ರಶ್ನೆ.

ಬ್ಯಾಗನ್ನೂ ಪರೀಕ್ಷೆಯ ಕಾಗದವನ್ನೂ ಹಿಡಿದು ಅಂಗಡಿಗೆ ಓಡಿದೆ. ಅಂಗಡಿಯವನು ಕಾಗದವನ್ನು ಮೇಲಿನಿಂದ ಕೆಳಗಿನವರೆಗೂ ನಿಧಾನವಾಗಿ ಓದಿದ.

“ಸಾರ್, ಗ್ಯಾರಂಟಿ ಕೊಟ್ಟಿದ್ದು ಪ್ರಯಾಣಕ್ಕೆ. ನೀವು ನಡೆಸಿರೋದು ಯುದ್ಧ. ಅದನ್ನ ಕೈಯಾರೆ ಬರೆದು ರುಜು ಬೇರೆ ಹಾಕಿದ್ದೀರಾ.”

“ಇದೇ ಹಸಿರು ಇನ್ನೊಂದಿದೆಯಾ?”

“ಅದೇ ಕೊನೇದಾಗಿತ್ತು. ನೀಲಿ ಇದೆ, ಕೊಡ್ಲಾ?”

ಅವಳು ಇಷ್ಟಪಟ್ಟದ್ದು ಹಸಿರು. ಅಲ್ಲದೆ, ಚಕ್ರದ ಪಂಡಿತನಾದ ನಾನು ಒಂದು ಚಕ್ರಕ್ಕಾಗಿ ಸೋಲೊಪ್ಪುವುದೇ? ಹದಿನೈದು ವರ್ಷದ ಸೇವೆಗೆಂದು ಕಾರ್ಖಾನೆ ನನಗೆ ಕೊಟ್ಟ ತಿರುಗುವ ಕುರ್ಚಿ ಮನೆಯಲ್ಲಿತ್ತು. ಅದರ ಐದು ಚಕ್ರಗಳಲ್ಲಿ ನಾಲ್ಕನ್ನು ಕಿತ್ತೆ. ಕುರ್ಚಿಯ ಚಕ್ರದ ಗುಣವೇ ಅದು, ತೂತಿಗೆ ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಬ್ಯಾಗಿನ ಉಳಿದ ಚಕ್ರಗಳನ್ನು ಬಿಚ್ಚಿ, ತಳಕ್ಕೆ ನಾಲ್ಕು ತೂತು ಕೊರೆದು, ನನ್ನ ಚಕ್ರಗಳನ್ನು ಕೂರಿಸಿದೆ. ಸಂಜೆಯ ಹೊತ್ತಿಗೆ ಬ್ಯಾಗು ಬೆರಳು ಸೋಕಿದರೆ ಸಾಕು, ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ತೇಲುತ್ತಿತ್ತು.

ಅವಳು ಒಂದು ಸಲ ತಳ್ಳಿ ನೋಡಿ, ಸೀರೆ ಮತ್ತು ಭಾಷಣದ ಕಾಗದಗಳನ್ನು ಒಳಗಿಟ್ಟಳು. ನಾನು ಅದನ್ನು ಕ್ಷಮೆ ಎಂದುಕೊಂಡೆ.

ಸೋಮವಾರ ವಿಮಾನ ನಿಲ್ದಾಣ. ಸಂದರ್ಶಕರ ಚೀಟಿ ಕೊಂಡು ನಾನೂ ಒಳಗೆ ಹೋದೆ. ನುಣ್ಣನೆಯ ನೆಲ. ಅವಳು ಒಂದೇ ಬೆರಳಲ್ಲಿ ತಳ್ಳಿದಳು, ಬ್ಯಾಗು ಹೊರಟಿತು. ನಲವತ್ತು ಹೆಜ್ಜೆ ಅವಳ ಮುಖ ಅರಳಿಯೇ ಇತ್ತು. ಎಣಿಸಿದವನು ನಾನೇ. ನಲವತ್ತೊಂದನೆಯ ಹೆಜ್ಜೆಗೆ ಕೌಂಟರಿನ ಹುಡುಗಿ ಕೈ ಅಡ್ಡ ಮಾಡಿದಳು.

“ಮೇಡಂ, ಬ್ಯಾಗನ್ನ ಒಂದ್ಸಲ ಇದರೊಳಗೆ ಇಡ್ತೀರಾ?”

ಅದೊಂದು ಲೋಹದ ಚೌಕಟ್ಟು. ಬ್ಯಾಗು ಅದರೊಳಗೆ ಇಳಿದರೆ ಕೈಯಲ್ಲಿ ಒಯ್ಯಬಹುದು, ಇಲ್ಲವಾದರೆ ದೊಡ್ಡ ಸಾಮಾನಿನ ಜೊತೆ ಹೋಗಬೇಕು. ಕುರ್ಚಿಯ ಚಕ್ರ ಬ್ಯಾಗಿನ ಚಕ್ರಕ್ಕಿಂತ ಎರಡು ಇಂಚು ಎತ್ತರ. ಜಿಪ್ಪು, ಹಿಡಿಕೆ, ನೀರು, ಮೆಟ್ಟಿಲು ಎಲ್ಲವನ್ನೂ ಪರೀಕ್ಷಿಸಿದ ಮಹಾನುಭಾವ ಅಳತೆಯ ಪಟ್ಟಿಯನ್ನು ಮುಟ್ಟಿರಲಿಲ್ಲ.

“ನೋಡಿ, ಈ ಚಕ್ರ ನೂರೈವತ್ತು ಕಿಲೋ ಹೊರುತ್ತೆ,” ಎಂದೆ.

“ಹೊರ್ಲಿ ಸಾರ್. ಒಳಗೆ ಹಿಡೀಬೇಕಲ್ಲ?”

“ಭಾಷಣ ಇದರಲ್ಲೇ ಇದೆ, ನಾನು ಇದನ್ನ ಕೈಬಿಡಲ್ಲ,” ಎಂದಳು ನನ್ನಾಕೆ. ಬ್ಯಾಗನ್ನು ಅಂಗಾತ ಮಲಗಿಸಿ, ಟಕ್ ಟಕ್ ಟಕ್ ಟಕ್ ಎಂದು ನಾಲ್ಕೂ ಚಕ್ರ ಎಳೆದು ನನ್ನ ಅಂಗೈಗೆ ಹಾಕಿದಳು. ಬ್ಯಾಗು ಚೌಕಟ್ಟಿನೊಳಗೆ ಸಲೀಸಾಗಿ ಇಳಿಯಿತು. ಅದನ್ನೆತ್ತಿ ಎಡಭುಜಕ್ಕೆ ಹಾಕಿಕೊಂಡು ಹೊರಟಳು. ಅವಳ ಆಸೆಯಲ್ಲಿ ಅರ್ಧ ನೆರವೇರಿತು. ಹಿಂದೆ ತಿರುಗಿ ನೋಡಲಿಲ್ಲ.

ಮೂರು ದಿನ ನಾನು ವಾಲಿದ ಕುರ್ಚಿಯಲ್ಲಿ ವಾಲಿಕೊಂಡೇ ಕಳೆದೆ. ಚಕ್ರಗಳನ್ನು ಮರಳಿ ಹಾಕುವ ಮನಸ್ಸಾಗಲಿಲ್ಲ. ನಾಲ್ಕನೆಯ ದಿನ ಕರೆತರಲು ಹೋದಾಗ, ಅವಳು ದೂರದಿಂದ ತೇಲಿಕೊಂಡು ಬಂದಳು. ಒಂದೇ ಬೆರಳು, ಅದರ ತುದಿಗೆ ಹೊಚ್ಚ ಹೊಸ ಕೆಂಪು ಬ್ಯಾಗು, ಅದರ ಮೇಲೆ ಬೆಲ್ಟು ಬಿಗಿದು ಕೂರಿಸಿದ ಹಸಿರು ಬ್ಯಾಗು. ಭಾಷಣ ಚೆನ್ನಾಯಿತಂತೆ. ಹಸಿರು ಬ್ಯಾಗನ್ನು ಬಿಚ್ಚಿ “ಇದು ನಿಮ್ದು” ಎಂದು ನನ್ನ ಭುಜಕ್ಕೆ ಹಾಕಿದಳು. ‘ತೇರ್ಗಡೆ’ ಚೀಟಿ ಹಾಗೆಯೇ ಇತ್ತು.

ಅವಳ ಹಿಂದೆ ಹೊತ್ತುಕೊಂಡು ನಡೆಯುತ್ತಿದ್ದ ನನ್ನ ಕಣ್ಣು ಕೆಂಪು ಬ್ಯಾಗಿನ ಚಕ್ರಗಳ ಮೇಲೇ ಇತ್ತು. ಎಷ್ಟಾದರೂ ಹದಿನೆಂಟು ವರ್ಷದ ಚಾಳಿ. ತಡೆಯಲಾಗಲಿಲ್ಲ.

“ತಗೊಳ್ಳೋ ಮುಂಚೆ ಪರೀಕ್ಷೆ ಮಾಡಿದ್ಯಾ?”

“ಹೂಂ, ಒಂದೇ ಒಂದು,” ಎಂದಳು ನಡಿಗೆ ನಿಲ್ಲಿಸದೆ. “ಅಕ್ಕಪಕ್ಕ ಎಲ್ಲೂ ನೀವಿಲ್ಲ ಅಂತ ನೋಡ್ಕೊಂಡೆ.”